ಆಡುಸೋಗೆಗೆ ಬರುವ ನೆಂಟರು

ಮಾರತ್ತಹಳ್ಳಿ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದರೆ ಬಾಲ್ಕನಿ ತುಂಬ ಔಷಧದ ಘಾಟು. ಅಪಾರ್ಟ್‌ಮೆಂಟಿನವರು ಕಳಿಸಿದ್ದ ಸ್ಪ್ರೇಯವನು ಸಾಮಾನು ಕಟ್ಟಿಕೊಳ್ಳುತ್ತಿದ್ದ. "ನಿಮ್ ಆಡುಸೋಗೇಲಿ ತುಂಬಾ ಹುಳ ಇತ್ತು ಮೇಡಂ, ಎಲ್ಲಾ ಕ್ಲೀನ್ ಮಾಡ್ಬಿಟ್ಟೆ" ಎಂದ. ಜಗಳವಾಡಲೂ ನನ್ನಲ್ಲಿ ತ್ರಾಣವಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಹಲಸೂರಿನ ನಮ್ಮ ವಠಾರದ ಹಿಂದೆ ಇದೇ ಗಿಡವಿತ್ತು. ನನ್ನ ಕೆಮ್ಮಿಗೆ ಅದರದ್ದೇ ಕಷಾಯ. ಆಡು ಮುಟ್ಟದ ಸೊಪ್ಪಾದರೂ ಚಳಿ ಇಳಿಯುವ ಹೊತ್ತಿಗೆ ಎಳೆ ಕುಡಿಗೆಲ್ಲ ಹೇನಿನಂಥ ಕರಿ ಹುಳ ಮುತ್ತುತ್ತಿದ್ದವು. ಎಲೆ ಮುಟ್ಟಿದರೆ ಬೆರಳಿಗೆ ಅಂಟಂಟು. ಪಕ್ಕದ ಮನೆಯ ಸೆಲ್ವಿ ಅಕ್ಕ ಡಬ್ಬಿ ಹಿಡಿದು ಬರುತ್ತಿದ್ದರು. "ಪೌಡರ್ ಹಾಕಮ್ಮಾ, ಒಂದೇ ದಿನದಲ್ಲಿ ಹೋಗ್ಬಿಡತ್ತೆ."

ದಿನವಿಡೀ ಹೊಲಿಗೆ ಮಿಷನ್ ತುಳಿದು ಬಂದ ಅಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡೇ ಹೇಳುತ್ತಿದ್ದಳು: "ಬೇಡಕ್ಕಾ, ಮಗು ಕುಡಿಯೋ ಎಲೆ. ಸ್ವಲ್ಪ ತಡೀರಿ, ನೆಂಟ್ರು ಬರ್ತಾರೆ."

ಮೊದಲ ಸಲ ನಾನು ನಿಜವಾದ ನೆಂಟರೆಂದುಕೊಂಡು ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದೆ. ಬಂದದ್ದು ಗುಲಗಂಜಿ ಹುಳಗಳು. ಕೆಂಪು ಬೆನ್ನು, ಕರಿ ಚುಕ್ಕೆ. ಒಂದೊಂದೇ ಕರಿ ಹುಳ ಹಿಡಿದು ತಿನ್ನುತ್ತಿದ್ದವು. "ಊಟ ಮಾಡ್ತಿದಾರೆ, ಎಬ್ಬಿಸ್ಬೇಡ" ಎನ್ನುತ್ತಿದ್ದಳು ಅಮ್ಮ. ಅವನ್ನು ನೋಡುತ್ತ ಕೂತಷ್ಟು ಹೊತ್ತೇ ಅವಳಿಗೆ ಬಿಡುವು.

ಈಗ ಒಳಗೆ ನನ್ನ ಮಗ ಕೆಮ್ಮುತ್ತಿದ್ದ. ಎಲೆ ಕೀಳಲು ಚಾಚಿದ ಕೈ ಹಿಂದೆ ಬಂತು. ಪೊರಕೆ ತಂದು ಬಾಲ್ಕನಿ ಗುಡಿಸಿದೆ. ಸತ್ತ ಕರಿ ಹುಳಗಳ ನಡುವೆ ಕೆಂಪು ಬೆನ್ನಿನವೂ ಕಾಲು ಮೇಲಾಗಿ ಬಿದ್ದಿದ್ದವು.

ನೆಂಟರು ಬಂದಿದ್ದರಮ್ಮ.