ಮುಂದಿನ ಬೆಂಚಿನ ಮಾನವತಾವಾದಿ

ಹಗರಿಬೊಮ್ಮನಹಳ್ಳಿಯ ನಮ್ಮ ಕ್ಲಾಸಿನಲ್ಲಿ ಮಾನವ ಹಕ್ಕುಗಳ ಚರ್ಚೆ ಎಂದರೆ ಕಾಂತೇಶನ ಭಾಷಣ ಎಂದೇ ಅರ್ಥ. ಮೇಷ್ಟ್ರು ವಿಷಯ ಹೇಳಿ ಮುಗಿಸುವ ಮೊದಲೇ ಎದ್ದು, ಕಾಲರ್ ಸರಿಪಡಿಸಿಕೊಂಡು, “ದನಿ ಇಲ್ಲದೋರ ದನಿ ನಾನ್ರೀ ಸರ್” ಎನ್ನುತ್ತಾನೆ. ಭೂಪಟದಲ್ಲಿ ತನಗೆ ತೋರಿಸಲೂ ಬಾರದ ದೇಶಗಳ ನಿರಾಶ್ರಿತರಿಗಾಗಿ ಬೆಂಚು ಗುದ್ದುತ್ತಾನೆ. ಚಪ್ಪಾಳೆಗೆಂದು ಅಲ್ಲಲ್ಲಿ ನಿಲ್ಲುತ್ತಾನೆ. ಹಿಂದಿನ ಬೆಂಚಿನ ಸಮತಾ ಕೈ ಎತ್ತಿದರೆ, “ನೀ ಕುಂದ್ರವಾ, ನಿಮ್ಮೋರ ನೋವು ನಾ ಹೇಳ್ತೀನಿ” ಎಂದು ಕೂರಿಸುತ್ತಾನೆ. ಮೊನ್ನೆ ಅವಳು ಕೂರಲಿಲ್ಲ. “ಹತ್ತು ವರ್ಷದಿಂದ ನಮ್ಮವ್ವ ನಿಮ್ಮನಿ ಕೊಟ್ಟಿಗಿ ಕಸ ಬಳೀತಾಳ. ಆಕಿ ಹೆಸರೇನು, ಹೇಳು” ಎಂದಳು. ಕಾಂತೇಶ ಬಾಯಿ ತೆರೆದ, ಹೆಸರು ಬರಲಿಲ್ಲ. ಮುಖ ಕಪ್ಪಿಟ್ಟು ಕುಳಿತ. ನಗಲು ಹೊರಟ ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಅವನ ನೆರೆಮನೆಯವನಾದ ನನಗೂ ಆಕೆ ಇಷ್ಟು ವರ್ಷ ಬರೀ ‘ಕಸದಾಕಿ’ಯಾಗಿದ್ದಳು.