ಕೌದಿ ಗುತ್ತೆವ್ವನ ಕೊನೆಯ ಪುಟ

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನನ್ನ ಮುನ್ನುಡಿಯಿಲ್ಲದೆ ಒಂದು ಪುಸ್ತಕವೂ ಕಣ್ಣು ಬಿಟ್ಟಿಲ್ಲ. ನಾನು ಬರೆದ ಮುನ್ನುಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಶಿಗ್ಗಾಂವಿಯ ಹೈವೇಗೆ ಇನ್ನೊಂದು ಸೇತುವೆ ಕಟ್ಟಬಹುದು.

ಹಿರೇಕೆರೂರಿನ ಗುತ್ತೆವ್ವ ನಮ್ಮ ಮನೆಗೆ ಬಂದದ್ದೂ ಅದಕ್ಕೇ. ಆಕೆ ಹಳೆ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುವವಳು. ಅದೆಂಥ ಕೌದಿಯೆಂದರೆ, ಹೊದ್ದು ಮಲಗಿದವನನ್ನು ಎಬ್ಬಿಸಲು ಪಂಚಾಯ್ತಿ ಸೇರಿಸಬೇಕು. ಅಂದು ಮಾತ್ರ ಮೂರು ನೋಟ್‌ಬುಕ್ಕಿನ ತುಂಬ ಕತೆ ಬರೆದು ತಂದಿದ್ದಳು.

“ಮಾಸ್ತರ್ರ, ನಲವತ್ತು ವರ್ಷ ಮಂದೀನ ಮಲಗಿಸೀನಿ. ಒಂದ ಸಲ ಎಚ್ಚರ ಇಡಬೇಕಂತ ಆಸೆ ಐತ್ರಿ. ಕಡೀತನಕ ಓದಾವ್ರು ಹತ್ತು ಮಂದಿ ಸಿಕ್ರ ಸಾಕು.”

“ಇಟ್ಟು ಹೋಗು, ನೋಡ್ತೇನಿ,” ಎಂದೆ.

ಹನ್ನೊಂದು ತಿಂಗಳು ನೋಡಿದೆ. ನೋಟ್‌ಬುಕ್ಕುಗಳನ್ನಲ್ಲ, ಅವನ್ನಿಟ್ಟ ಕಪಾಟನ್ನು. ಪ್ರಕಾಶಕರೊಬ್ಬರು ಬೇರೆ, ಮೊದಲು ಮಾಸ್ತರರ ಮುನ್ನುಡಿ ತಾ, ಆಮೇಲೆ ಮೂರು ವರ್ಷ ಸರದಿ ಕಾಯಿ ಎಂದಿದ್ದರಂತೆ. ಗುತ್ತೆವ್ವ ಎರಡು ಸಲ ಬಂದು ಹೋದವಳು ಮೂರನೇ ಸಲ ಬರಲಿಲ್ಲ. ಹುಚ್ಚು ಇಳಿಯಿತು ಅಂದುಕೊಂಡೆ.

ಆಕೆ ಹೋದದ್ದು ರಟ್ಟೀಹಳ್ಳಿಯ ಜಗದೀಶನ ಪ್ರೆಸ್ಸಿಗೆ. ಲಗ್ನಪತ್ರಿಕೆ ಬಿಟ್ಟು ಬೇರೇನನ್ನೂ ಅಚ್ಚು ಹಾಕಿದವನಲ್ಲ ಅವನು. ನೋಟ್‌ಬುಕ್ ನನ್ನ ಕಪಾಟಿನಲ್ಲಿದ್ದರೇನಾಯಿತು, ಕತೆ ಆಕೆಯ ಬಾಯಲ್ಲಿತ್ತು. ಕಂಪ್ಯೂಟರಿನ ಪಕ್ಕ ಕುಳಿತು ಎಲ್ಲವನ್ನೂ ಹೇಳಿ ಬರೆಸಿದಳು. ನೂರು ಪ್ರತಿ. ಬೈಂಡಿಂಗ್ ಸ್ವಂತದ್ದು: ಕೌದಿ ದಾರ, ಕೌದಿ ಹೊಲಿಗೆ. ಎರಡು ಕೋಣ ಕಟ್ಟಿ ಎಳೆಸಿದರೂ ಒಂದು ಹಾಳೆ ಕಿತ್ತುಬರುವುದಿಲ್ಲ.

ಎಲ್ಲ ಹೊಲಿದು ಮುಗಿದ ಮೇಲೆ ಎಡವಟ್ಟು ಕಣ್ಣಿಗೆ ಬಿತ್ತು. ಕೊನೆಯಲ್ಲಿ ಹೆಸರು, ವಿಳಾಸ ಹಾಕು ಎಂದಿದ್ದಳು. ಜಗದೀಶ ರೂಢಿಯ ಕೈಯಲ್ಲಿ ಹಳೆಯ ಲಗ್ನಪತ್ರಿಕೆಯ ಪುಟವನ್ನೇ ಎಳೆದು ತಂದು ಹೆಸರು, ವಿಳಾಸ ಮಾತ್ರ ಬದಲಿಸಿದ್ದ: ‘ಮೇ ಹದಿನಾಲ್ಕರಂದು ತಾವು ಸಕುಟುಂಬ ಸಪರಿವಾರ ನಮ್ಮ ಸ್ವಗೃಹಕ್ಕೆ ಆಗಮಿಸಿ ಭೋಜನ ಸ್ವೀಕರಿಸಬೇಕಾಗಿ ವಿನಂತಿ. ಉಡುಗೊರೆ ಬೇಡ. ತಮ್ಮ ಆಗಮನಾಭಿಲಾಷಿ, ಗುತ್ತೆವ್ವ.’

“ಆ ಹಾಳಿ ಹರದು ಒಗಿಯೂನ್ರಿ ಅಕ್ಕಾ,” ಎಂದ ಜಗದೀಶ.

“ಆ ಹಾಳಿ ಹಿಂದಿನ ಮಗ್ಗಲಾಗ ಕತಿ ಮುಗದೈತಲ್ಲೋ! ಹರದ್ರ ನನ್ನ ಕತಿಯಾಕಿ ಹೊಳಿ ದಾಟದ ನಡು ನೀರಾಗ ನಿಲ್ತಾಳ. ಇರ್ಲಿ ಬಿಡು, ಅಲ್ಲೀತನಕ ಯಾರು ಓದ್ತಾರ?”

ಹಾನಗಲ್ಲು, ಸವಣೂರು, ಶಿಗ್ಗಾಂವಿ, ಎಲ್ಲಿ ಕೌದಿ ಮುಟ್ಟಿಸಿದಳೋ ಅಲ್ಲೆಲ್ಲ ಪುಸ್ತಕವನ್ನೂ ಮಾರಿದಳು. ಮೇ ಹದಿನಾಲ್ಕಕ್ಕೆ, ಯಾತಕ್ಕೂ ಇರಲಿ ಎಂದು, ಹತ್ತು ಮಂದಿಗಾಗುವಷ್ಟು ರೊಟ್ಟಿ ಬಡಿದಿಟ್ಟಳು.

ಮೊದಲು ಬಂದವಳು ಸವಣೂರಿನ ಚಾಂದಬಿ. ಹಿಂದೆ ಟೆಂಪೋ ತುಂಬ ಅವಳ ಮನೆಮಂದಿ.

“ಕಡೀ ಪುಟದಾಗ ಕರದೀಯಲ್ಲ ಅಕ್ಕಾ, ಬಂದೇವಿ. ಊಟ ಆಮ್ಯಾಲ. ಹೊಳಿ ದಾಟಿ ಆಕಿ ಎಲ್ಲಿ ಹ್ವಾದ್ಳು, ಅದನ್ನ ಮೊದ್ಲ ಹೇಳು!”

ಗುತ್ತೆವ್ವ ಉತ್ತರಿಸುವಷ್ಟರಲ್ಲಿ ಇನ್ನೆರಡು ಟೆಂಪೋ ಬಂದವು. ಮಧ್ಯಾಹ್ನಕ್ಕೆ ನಾಲ್ಕು ನೂರು ಮಂದಿ! ಓಣಿಯ ಒಲೆಗಳೆಲ್ಲ ಹೊತ್ತಿಕೊಂಡವು. ರೊಟ್ಟಿ ಬಡಿಯುವ ಸದ್ದಿಗೆ ಹಾನಗಲ್ಲಿನವರು ಗುಡುಗೆಂದು ಒಣಹಾಕಿದ ಬಟ್ಟೆ ಒಳಗೆ ತಂದರಂತೆ.

ಸುದ್ದಿ ತಿಳಿದು ನಾನೂ ಶಾಲು ಹೊದ್ದು ಹೋದೆ. ವೇದಿಕೆ ಇರಲಿಲ್ಲ, ಮೈಕೂ ಇರಲಿಲ್ಲ. ಕೌದಿಯ ಮೇಲೆ ಕೂರಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಉಂಡು ಕೈ ತೊಳೆದು ದೊಡ್ಡ ಮನಸ್ಸು ಮಾಡಿದೆ.

“ಗುತ್ತೆವ್ವಾ, ಆಗಿದ್ದು ಆತು. ಎರಡನೇ ಮುದ್ರಣಕ್ಕ ನಾ ಮುನ್ನುಡಿ ಬರ್ಕೊಡ್ತೇನಿ.”

“ಮುನ್ನುಡಿ ಬ್ಯಾಡ್ರಿ ಮಾಸ್ತರ್ರ. ಆ ಮೂರು ನೋಟ್‌ಬುಕ್ ಕೊಟ್ಟ ಕಳಸ್ರಿ. ಹಾಳಿ ಹಿಂದಿನ ಮಗ್ಗಲಾ ಖಾಲಿ ಅದಾವು. ಹೊಳಿ ದಾಟಿದಾಕಿ ಕತಿ ಬರೀಬೇಕು.”