ಕಂಡವರು ಯಾರು ಎಂದು ಕೇಳಿದ ಅಕ್ಕ

ಪಕ್ಕದ ಮನೆಯ ಅಕ್ಕನ ಬಲಗೈ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಲ್ಲಿ, ಹೋಟೆಲೊಂದರಲ್ಲಿ ವರ್ಷಗಟ್ಟಲೆ ಕಾದ ಕಾವಲಿಯಿಂದ ದೋಸೆ ಎಬ್ಬಿಸಿ ಎಬ್ಬಿಸಿ ಅವು ನುಣುಪಾಗಿದ್ದವು. ಬೆರಳಚ್ಚಿನ ಯಂತ್ರಗಳು ಅವರನ್ನು ಒಪ್ಪುತ್ತಲೇ ಇರಲಿಲ್ಲ. "ನಾನ್ ಕದ್ರೆ ಪೊಲೀಸ್ರಿಗೂ ಹಿಡೂಕಾತಿಲ್ಲೆ, ಕಾಣ್!" ಎಂದು ನಗುತ್ತಿದ್ದರು.

ಕುಂದಾಪುರದವರು. ಬಾಯಿ ಎಂದರೆ ಬಾಯಿ! ಯಾರ ಮಗಳು ಟ್ರ್ಯಾಮಿನಲ್ಲಿ ಯಾರ ಪಕ್ಕ ಕೂತಿದ್ದಳು ಎಂಬುದು ಸಂಜೆಯೊಳಗೆ ಬೇಲಿ ದಾಟಿ ನನಗೆ ಮುಟ್ಟುತ್ತಿತ್ತು. ಅಂಥವರಿಗೆ ಒಮ್ಮೆ, ಕೇಸು ಕೇಳಿ ತೀರ್ಪು ಕೊಡುವ ಜ್ಯೂರಿಗೆ ಬರಬೇಕೆಂದು ಕೋರ್ಟಿನ ಕಾಗದ ಬಂತು. ಇಸ್ತ್ರಿ ಮಾಡಿದ ಸೀರೆ, ಮೇಲೊಂದು ಕೋಟು, ಡಬ್ಬಿಯಲ್ಲಿ ಮೊಸರನ್ನ. ಎರಡು ವಾರ ಹೋಗಿಬಂದರು. ಜ್ಯೂರಿಯವರ ಕೋಣೆಯಲ್ಲಿ ಯಾರು ಏನೆಂದರು ಎಂದು ನಾನು ಗೋಗರೆದರೂ ಬಾಯಿ ಬಿಡಲಿಲ್ಲ.

"ಆ ಕೋಣೆಯೊಳ್ಗ್ ಆಡಿದ್ ಮಾತ್ ಹೊರಗ್ ಹೇಳೂಕಾಗ ಮಾರಾಯ್ತಿ. ಕಾನೂನು. ಒಂದ್ ಮಾತ್ ಮಾತ್ರ ಹೇಳ್ತೆ, ಕಂಡದ್ ಬೇರೆ, ಅಂದ್ಕಂಡದ್ ಬೇರೆ."

ಆಗ ನಾನು ಓದಲು ಬಂದವಳು. ಮೈಸೂರಿನ ಡಾಕ್ಟರ್ ದಂಪತಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅವರು ರಜೆ ಮುಗಿಸಿ ಬಂದ ಮೂರನೇ ದಿನ ಡಾಕ್ಟರಮ್ಮನಿಗೆ ಅವರ ಅಮ್ಮ ಕೊಟ್ಟ ಚಿನ್ನದ ಬಳೆಗಳು ಕಾಣಲಿಲ್ಲ. ಅವರಿಲ್ಲದಾಗ ಮನೆಯಲ್ಲಿದ್ದವಳು ನಾನೊಬ್ಬಳೇ. ಅವರ ಗೆಳತಿಯರು ನಾಲ್ವರು ಅಡುಗೆಮನೆಯಲ್ಲಿ ಸೇರಿದರು. ಪೊಲೀಸರಿಗೆ ನನ್ನ ಹೆಸರು ಹೋದರೆ ಓದೂ ಹೋಯಿತು, ವೀಸಾನೂ ಹೋಯಿತು.

ಗಲಾಟೆ ಕೇಳಿ ಅಕ್ಕ ಬಂದರು. ಕುರ್ಚಿ ಎಳೆದು ಕೂತರು, ಎಲ್ಲರನ್ನೂ ಕೂರಿಸಿದರು.

"ಈ ಹೆಣ್ ಬಳೆ ತೆಗ್ದದ್ ಕಂಡವ್ರ್ ಯಾರ್?"

"ಕಾಣೋದೇನ್ ಬಂತು ಅಕ್ಕ? ಮನೇಲಿದ್ದವಳು ಇವಳೊಬ್ಬಳೇ ತಾನೇ?" ಎಂದರು ಡಾಕ್ಟರಮ್ಮ.

"ಅದ್ ಅಂದ್ಕಂಡದ್. ಕಂಡದ್ ಹೇಳಿ."

ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ನನ್ನ ಕೈಯಲ್ಲಿ ಹೊಸ ಫೋನಿದೆ ಎಂದಳು ಒಬ್ಬಳು. "ಫೋನ್ ತಕಂಡವ್ರೆಲ್ಲ ಕಳ್ರಾ? ನಿಮ್ಮನೆಯೊಳ್ಗ್ ಫೋನ್ ಎಷ್ಟಿತ್ತ್?" ಎಂದು ಅಕ್ಕ ಕೇಳಿದ ಮೇಲೆ ಆಕೆ ತನ್ನ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

"ಬಳೆ ಕಾಣೂದಿಲ್ಲ ಅಂತ ಪೊಲೀಸ್ರಿಗೆ ಹೇಳಿ, ಬ್ಯಾಡ ಅನ್ನೂದಿಲ್ಲ. ಇವಳ ಹೆಸ್ರ್ ಮಾತ್ರ ಹೇಳೂಕಾಗ." ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನನ್ನ ಹೆಸರು ಬರಲಿಲ್ಲ.

ಒಬ್ಬರನ್ನು ಕಟಕಟೆಗೆ ಹತ್ತಿಸುವ ಮೊದಲು, ಅಷ್ಟಕ್ಕೆ ಸಾಕ್ಷಿ ಸಾಕೇ ಎಂದು ಸಾಮಾನ್ಯ ಜನರೇ ಕೂತು ನೋಡುವ ಪದ್ಧತಿ ಅಮೆರಿಕದಲ್ಲಿ ಈಗಲೂ ಇದೆ. ಗ್ರ್ಯಾಂಡ್ ಜ್ಯೂರಿ ಎನ್ನುತ್ತಾರೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಇಲ್ಲಿಯವರು ಅದನ್ನು ಎಂದೋ ಕೈಬಿಟ್ಟರು. ನಮ್ಮ ಅಕ್ಕನಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಮೂರು ವಾರದ ಮೇಲೆ ಬಳೆಗಳು ತೊಗರಿಬೇಳೆ ಡಬ್ಬಿಯ ತಳದಲ್ಲಿ ಸಿಕ್ಕವು! ಕಳ್ಳರ ಭಯಕ್ಕೆ ರಜೆಗೆ ಹೊರಡುವ ಮುನ್ನ ಡಾಕ್ಟರಮ್ಮನೇ ಅಲ್ಲಿ ಹೂತಿಟ್ಟು ಮರೆತಿದ್ದರು. ನನ್ನ ಕೈ ಹಿಡಿದು ಅತ್ತರು. "ಬೇಳೆ ಬೇಯೂಕ್ ಮುಂಚೆ ಸಿಕ್ತಲೆ, ಸಾಕ್" ಎಂದರು ಅಕ್ಕ.

ಕಳೆದ ಚಳಿಗಾಲ ಅಕ್ಕ ಆಸ್ಪತ್ರೆ ಸೇರಿದರು. ಕಿತ್ತಳೆ ಸುಲಿದು ಕೊಡುತ್ತ, ಹೊಗಳಿಸಿಕೊಳ್ಳುವ ಆಸೆಗೆ ಕೇಳಿದೆ: "ಅವತ್ತು ನಾನು ಕದ್ದಿಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ ಅಕ್ಕ?"

"ಇಲ್ಲ ಹೆಣೆ. ನೀನೇ ತೆಗ್ದಿರೂಕೂ ಸಾಕ್ ಅಂದ್ಕಂಡಿದ್ದೆ."

ಸಿಟ್ಟು ಬಂತು. "ಮತ್ತೆ ನನ್ನ ಪರ ಯಾಕೆ ಮಾತಾಡಿದ್ರಿ?"

"ನಿನ್ ಪರ ಎಲ್ಲಿ ಮಾತಾಡ್ದೆ? ನಾನೂ ಕಂಡಿರ್ಲಿಲ್ಲೆ ಅಲ್ದಾ?" ಎಂದು ಕಿತ್ತಳೆ ತೊಳೆಯನ್ನು ಬಾಯಿಗಿಟ್ಟುಕೊಂಡರು.

ಹತ್ತು ದಿನಕ್ಕೆ ಹೋಗಿಬಿಟ್ಟರು. ನನ್ನನ್ನು ನಂಬಿ ಕಾಪಾಡಿದವರು ಅಪ್ಪ ಅಮ್ಮ ಇದ್ದಾರೆ. ನಂಬದೆಯೂ ಕಾಪಾಡಿದವರು ಅವರೊಬ್ಬರೇ.

ಈಗ ನನಗೂ ಜ್ಯೂರಿಯ ಕಾಗದ ಬಂದಿದೆ. ಏನಾದರೂ ನೆಪ ಹೇಳಿ ತಪ್ಪಿಸಿಕೋ ಎನ್ನುತ್ತಾರೆ ಗೆಳತಿಯರು. ಸೋಮವಾರ ಹೊರಟಿದ್ದೇನೆ. ಮೊಸರನ್ನದ ಡಬ್ಬಿಯನ್ನು ಅಕ್ಕನ ಮನೆಯವರಿಂದ ಕೇಳಿ ತಂದಿಟ್ಟುಕೊಂಡಿದ್ದೇನೆ.